ಅಳದಿದ್ದರೆ ನೋವಿಲ್ಲವೆ?

ನಮ್ಮ ಶಾಲೆಯ ಹಿಂದೆ ಒಂದು ನೇರಳೆ ಮರವಿತ್ತು. ಜೂನ್ ತಿಂಗಳು ಬಂತೆಂದರೆ ಮಕ್ಕಳ ಬಿಳಿ ಅಂಗಿಗಳಿಗೆಲ್ಲ ನೇರಳೆ ಬಣ್ಣ. ಮರ ಹತ್ತಬೇಡಿ ಎಂದು ಪ್ರಾರ್ಥನೆ ಮುಗಿದ ಮೇಲೆ ದಿನವೂ ಹೇಳುತ್ತಿದ್ದೆ. ಅವರು ದಿನವೂ ಹತ್ತುತ್ತಿದ್ದರು. ನೇರಳೆಯ ಕೊಂಬೆಯನ್ನು ನಂಬಬಾರದೆಂದು ಊರಿಗೆಲ್ಲ ಗೊತ್ತು, ಹನ್ನೊಂದು ವರ್ಷದ ಹುಡುಗರಿಗೆ ಮಾತ್ರ ಗೊತ್ತಿಲ್ಲ. 2009ರ ಜೂನಿನಲ್ಲಿ ಆರನೆಯ ತರಗತಿಯ ಹುಡುಗನೊಬ್ಬ ಕೊಂಬೆ ಮುರಿದು ಬಿದ್ದ. ಬಿದ್ದ ಜಾಗದಲ್ಲಿ ಹಳೆಯ ತಗಡಿನ ಚೂರೊಂದಿತ್ತು. ಕಾಲಿನ ಮೀನಖಂಡ ಸೀಳಿಹೋಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ಅಂದು ಡಾಕ್ಟರು ರಜೆ. ಹುಡುಗನ ಅಮ್ಮ ಅಡಿಕೆ ತೋಟದ ಕೂಲಿಗೆ ಹೋಗಿದ್ದಳು. ಅವಳಿಗೆ ಸುದ್ದಿ ಮುಟ್ಟಿಸಲು ಒಬ್ಬನನ್ನು ಓಡಿಸಿ, ಕಾಲಿಗೆ ಟವೆಲ್ಲು ಬಿಗಿದು, ಯಾರದೋ ಜೀಪಿನಲ್ಲಿ ಅವನನ್ನು ಕೂರಿಸಿಕೊಂಡು ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಹೋದೆ. ಅದು ಡಾಕ್ಟರಾಗಲು ಕಲಿಯುವ ಹುಡುಗರಿರುವ ಆಸ್ಪತ್ರೆ. ನಮ್ಮ ಪಾಲಿಗೆ ಸಿಕ್ಕವನು ಒಬ್ಬ ಹೌಸ್‌ಸರ್ಜನ್. ಇಪ್ಪತ್ತಮೂರು ದಾಟಿರಲಿಕ್ಕಿಲ್ಲ. ಕಣ್ಣು ಕೆಂಪಾಗಿತ್ತು, ರಾತ್ರಿಯಿಡೀ ಮಲಗಿರಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಒರಟನಲ್ಲ, ಪಾಪದ ಹುಡುಗ. ಗಾಯ ತೊಳೆದು ಸೂಜಿ ಕೈಗೆ ತೆಗೆದುಕೊಂಡ.

“ಡಾಕ್ಟ್ರೇ, ಮರಗಟ್ಟೋ ಇಂಜೆಕ್ಷನ್ ಕೊಡಲ್ವಾ?” ಎಂದು ಕೇಳಿದೆ.

“ಐದೇ ಹೊಲಿಗೆ ಮೇಡಂ. ಅದನ್ನ ಕೊಡೋಕೇ ಎರಡು ಮೂರು ಸಲ ಚುಚ್ಚಬೇಕು. ಅಷ್ಟರಲ್ಲಿ ಇದೇ ಮುಗಿದುಹೋಗುತ್ತೆ. ನೀವು ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದ.

ನಾನು ಹಿಡಿದುಕೊಂಡೆ. ಆಯಾ ಕಾಲು ಒತ್ತಿ ಹಿಡಿದಳು, ನಾನು ಎರಡು ಕೈಗಳನ್ನೂ ಎದೆಯನ್ನೂ ಅದುಮಿ ಹಿಡಿದೆ. ಹುಡುಗ ಅಳಲಿಲ್ಲ. ಒಂದು ಸಲವೂ ಅಳಲಿಲ್ಲ. ಕೆಳತುಟಿ ಕಚ್ಚಿ ಮೇಲಿನ ಫ್ಯಾನನ್ನೇ ನೋಡುತ್ತಿದ್ದ. ಮುಗಿದ ಮೇಲೆ ಡಾಕ್ಟರ ಹುಡುಗ ಅವನ ಕೆನ್ನೆ ತಟ್ಟಿ, “ಗುಡ್ ಬಾಯ್. ನೋಡಿ ಮೇಡಂ, ಏನೂ ಆಗಲೇ ಇಲ್ಲ” ಎಂದ. ನಾನೂ ಸೇರಿಸಿದೆ: “ನನ್ನ ಸ್ಟೂಡೆಂಟ್ ಅಂದ್ರೆ ಸುಮ್ನೆನಾ, ಧೈರ್ಯವಂತ!”

ಹಿಂದಿರುಗುವಾಗ ಬಸ್ಸಿನಲ್ಲಿ ಅವನ ಚಡ್ಡಿ ಒದ್ದೆಯಾಗಿರುವುದು ನನ್ನ ಕಣ್ಣಿಗೆ ಬಿತ್ತು. ಅದು ಬಸ್ಸಿನಲ್ಲಿ ಆದದ್ದಲ್ಲ, ಆ ಮೇಜಿನ ಮೇಲೆ ಆದದ್ದು. ಅವನು ಪುಸ್ತಕದ ಚೀಲವನ್ನು ತೊಡೆಯ ಮೇಲಿಟ್ಟು ಮುಚ್ಚಿಕೊಂಡಿದ್ದ. ನಾನು ಕಿಟಕಿಯ ಹೊರಗೆ ನೋಡುತ್ತ ಕಾಣದವಳಂತೆ ಕುಳಿತೆ. ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯಲ್ಲಿ ಗಾಯದ ಉದ್ದ ಬರೆದಿತ್ತು, ಹೊಲಿಗೆಗಳ ಲೆಕ್ಕ ಬರೆದಿತ್ತು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟದ್ದು ಬರೆದಿತ್ತು. ಅವನಿಗೆ ನೋವಾಯಿತೆ, ಎಷ್ಟಾಯಿತು, ಅದಕ್ಕೇನು ಮಾಡಿದರು ಎಂಬುದರ ಬಗ್ಗೆ ಒಂದಕ್ಷರ ಇರಲಿಲ್ಲ.

ಐದು ಹೊಲಿಗೆಗೆ ಇಷ್ಟೊಂದು ರಾಮಾಯಣವೇ ಎಂದು ನೀವು ಕೇಳಬಹುದು. ಮುಂದಿನದನ್ನೂ ಕೇಳಿ. ಹೊಲಿಗೆ ಬಿಚ್ಚಿಸುವ ದಿನ ಹುಡುಗ ತೋಟದಲ್ಲಿ ಅಡಗಿಕೊಂಡ. ಕೊನೆಗೆ ಅವನ ಅಜ್ಜಿಯೇ ಬ್ಲೇಡಿನಿಂದ ದಾರ ಕತ್ತರಿಸಿದಳಂತೆ. ಎರಡು ವರ್ಷದ ಮೇಲೆ, 2011ರಲ್ಲಿ, ಅವನಿಗೆ ಬೀದಿನಾಯಿ ಕಚ್ಚಿತು. ಮೂರು ದಿನ ಯಾರಿಗೂ ಹೇಳಲಿಲ್ಲ. ಪಕ್ಕದ ಬೆಂಚಿನ ಹುಡುಗಿ ನನ್ನ ಕಿವಿಯಲ್ಲಿ ಉಸುರದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಉಳಿಯುವುದಿಲ್ಲ. “ಯಾಕೋ ಹೇಳಲಿಲ್ಲ?” ಎಂದು ಬೈದೆ. “ಮತ್ತೆ ನೀವು ಹಿಡ್ಕೋತೀರಲ್ಲ ಮಿಸ್” ಎಂದ.

ಆ ಒಂದು ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅವನು ಹೆದರಿದ್ದು ನಾಯಿಗಲ್ಲ, ಸೂಜಿಗೂ ಅಲ್ಲ, ನನ್ನ ಕೈಗಳಿಗೆ. ಮಗುವಿನ ನೋವನ್ನು ನಾವು ಕ್ಷುಲ್ಲಕವೆಂದು ತಳ್ಳಿಹಾಕಿದರೆ, ಮಗು ನಾಳೆ ಪ್ರಾಣಕ್ಕೇ ಕುತ್ತಾದದ್ದನ್ನೂ ನಮ್ಮಿಂದ ಬಚ್ಚಿಡುತ್ತದೆ. ಆದ್ದರಿಂದ ಇದು ಬರೀ ಕರುಣೆಯ ಮಾತಲ್ಲ.

‘ಎತ್ತಿನ ಹುಣ್ಣು ಕಾಗೆಗೆ ನೋವೆ’ ಎಂಬ ಗಾದೆ ನಮ್ಮಲ್ಲಿದೆ. ಆದರೆ ಡಾಕ್ಟರುಗಳನ್ನು ಕಾಗೆಯೆಂದು ಕರೆಯಲು ನಾನು ಈ ಬರಹಕ್ಕೆ ಕೂತವಳಲ್ಲ. ಅವರು ಕಾಣದೆ ಹೋದದ್ದು ಕ್ರೌರ್ಯದಿಂದಲ್ಲ, ಕಲಿತ ಪಾಠದಿಂದ. ಮಕ್ಕಳಿಗೆ, ಅದರಲ್ಲೂ ಕೂಸುಗಳಿಗೆ, ನೋವೇ ಅಷ್ಟಾಗಿ ತಿಳಿಯುವುದಿಲ್ಲ. ನರಗಳು ಇನ್ನೂ ಬಲಿತಿರುವುದಿಲ್ಲ. ತಿಳಿದರೂ ನೆನಪಿರುವುದಿಲ್ಲ ಎಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲವೊಂದಿತ್ತು. ಬಹಳ ಹಿಂದಿನ ಕಾಲವಲ್ಲ, ನಾನು ಶಾಲೆಗೆ ಹೋಗುತ್ತಿದ್ದ ಕಾಲ. 1985ರಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಜೆಫ್ರಿ ಲಾಸನ್ ಎಂಬ, ದಿನ ತುಂಬದೆ ಹುಟ್ಟಿದ ಕೂಸಿಗೆ ಹೃದಯದ ಬಳಿಯ ರಕ್ತನಾಳದ ಶಸ್ತ್ರಚಿಕಿತ್ಸೆ ಮಾಡಿದರು. ಕೂಸು ಅಲುಗಾಡದಂತೆ ಸ್ನಾಯುಗಳನ್ನು ಕಟ್ಟಿಹಾಕುವ ಮದ್ದು ಕೊಟ್ಟರು, ನೋವು ತಿಳಿಯದಂತೆ ಮಾಡುವ ಮದ್ದು ಕೊಡಲಿಲ್ಲ. ಕೂಸು ಕೆಲವು ವಾರಗಳಲ್ಲಿ ತೀರಿಕೊಂಡಿತು. ತಾಯಿ ಜಿಲ್ ಲಾಸನ್‌ಗೆ ಸಂಗತಿ ತಿಳಿದದ್ದು ಆಮೇಲೆ. ಆಕೆ ಸುಮ್ಮನಿರಲಿಲ್ಲ, ಕಾಗದದ ಮೇಲೆ ಕಾಗದ ಬರೆದಳು. 1986ರಲ್ಲಿ ಪತ್ರಿಕೆಗಳಲ್ಲಿ ಅದು ಬಂದಾಗ ಜನ ಬೆಚ್ಚಿಬಿದ್ದರು. ಇದು ಒಂದು ಆಸ್ಪತ್ರೆಯ ಒಬ್ಬ ವೈದ್ಯರ ತಪ್ಪಾಗಿರಲಿಲ್ಲ. ಆಗ ಅನೇಕ ಕಡೆ ನಡೆಯುತ್ತಿದ್ದ ರೂಢಿಯೇ ಅದಾಗಿತ್ತು.

ಅದೇ ಹೊತ್ತಿಗೆ ಇಂದೋರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಆಕ್ಸ್‌ಫರ್ಡಿಗೆ ಓದಲು ಹೋಗಿದ್ದ ನಮ್ಮ ದೇಶದವರೊಬ್ಬರು, ಕೆ.ಜೆ.ಎಸ್. ಆನಂದ್, ಶಸ್ತ್ರಚಿಕಿತ್ಸೆ ಮುಗಿಸಿ ಬರುವ ಕೂಸುಗಳು ಯಾಕಿಷ್ಟು ಬಸವಳಿದು ಬರುತ್ತವೆ ಎಂದು ಕೇಳಿದರು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಲ್ಲಿ ಕೆಲವಕ್ಕೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಬಲವಾದ ನೋವಿನ ಮದ್ದು ಸೇರಿಸಿ, ಕೆಲವಕ್ಕೆ ಅಂದಿನ ರೂಢಿಯಂತೆ ಮಾಡಿ ಹೋಲಿಸಿದರು. ಮದ್ದು ಪಡೆದ ಕೂಸುಗಳ ರಕ್ತದಲ್ಲಿ ಸಂಕಟದ ಗುರುತುಗಳು ಕಡಿಮೆಯಿದ್ದವು, ಆಮೇಲಿನ ತೊಂದರೆಗಳೂ ಕಡಿಮೆಯಾದವು. 1987ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಸಂಘ, ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕೆಂದು ಹೇಳಿತು. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದೇ: ಈ ಪ್ರಶ್ನೆ ಕೇಳಿದವರು ತಲೆ ನರೆತ ಪ್ರೊಫೆಸರಲ್ಲ, ಇನ್ನೂ ಕಲಿಯುತ್ತಿದ್ದ ಯುವಕ. ಕಲಿಯುವವರಿಗೆ ಏನು ಗೊತ್ತು ಎನ್ನುವವರು ಇದನ್ನು ನೆನಪಿಡಲಿ.

ಚಿಕ್ಕವರು ಮರೆಯುತ್ತಾರೆ ಎಂಬ ಮಾತೂ ನಿಲ್ಲುವುದಿಲ್ಲ. ಹುಟ್ಟಿದ ಹೊಸತರಲ್ಲಿ ನೋವಿನ ಮದ್ದಿಲ್ಲದೆ ಸುನ್ನತಿ ಮಾಡಿಸಿಕೊಂಡ ಗಂಡುಕೂಸುಗಳು, ತಿಂಗಳುಗಳ ಮೇಲೆ ಲಸಿಕೆ ಚುಚ್ಚಿದಾಗ ಉಳಿದ ಕೂಸುಗಳಿಗಿಂತ ಹೆಚ್ಚು ಹೊತ್ತು ಅತ್ತವೆಂದು ಕೆನಡಾದ ಟೊರಾಂಟೊದವರು 1997ರಲ್ಲಿ ತೋರಿಸಿದರು. ಮಾತು ಬಾರದ ಕೂಸಿನ ಮೈಯೇ ನೆನಪಿಟ್ಟುಕೊಳ್ಳುತ್ತದೆ ಎಂದಾಯಿತು. ಹನ್ನೊಂದು ವರ್ಷದವನು ಮರೆಯುತ್ತಾನೆಯೆ?

ಇಷ್ಟೆಲ್ಲ ತಿಳಿದು ಮೂವತ್ತು ನಲವತ್ತು ವರ್ಷವಾಯಿತು. ಹಾಗಾದರೆ ಇಂದು ಡಾಕ್ಟರಾಗುವ ಮಕ್ಕಳಿಗೆ ಏನು ಕಲಿಸುತ್ತಾರೆ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು 2022ರಲ್ಲಿ ಹೌಸ್‌ಸರ್ಜನ್ ಆಗಿದ್ದಾಗ ಸ್ವೀಟ್ ಡಬ್ಬ ಹಿಡಿದುಕೊಂಡು ಮನೆಗೆ ಬಂದಿದ್ದಳು. ಸರ್ಕಾರಿ ಶಾಲೆಯಲ್ಲಿ ಓದಿ ಡಾಕ್ಟರಾದವಳು, ನನಗೆ ಹೆಮ್ಮೆ. ಕಾಫಿ ಕೊಟ್ಟು ಕೂರಿಸಿ ಕೇಳಿದೆ: “ಮಗುವಿಗೆ ಎಷ್ಟು ನೋವಿದೆ ಅಂತ ಹೇಗೆ ತಿಳ್ಕೋತೀಯೆ?”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಪುಸ್ತಕದಲ್ಲಿ ಮುಖಗಳ ಚಿತ್ರ ಇತ್ತು ಮಿಸ್. ಶಾರ್ಟ್ ನೋಟ್ ಬರಬಹುದು ಅಂತ ಓದಿದ್ವಿ. ವಾರ್ಡಿನಲ್ಲಿ ಯಾರೂ ಅದನ್ನ ಹಿಡ್ಕೊಂಡು ಮಗು ಹತ್ರ ಕೇಳಿದ್ದು ನಾನು ನೋಡಿಲ್ಲ.”

“ರೌಂಡ್ಸಿಗೆ ಬರೋ ದೊಡ್ಡ ಡಾಕ್ಟರು ಏನು ಕೇಳ್ತಾರೆ?”

“ಜ್ವರ ಎಷ್ಟು, ನಾಡಿ ಎಷ್ಟು, ಉಸಿರು ಎಷ್ಟು, ಮೂತ್ರ ಎಷ್ಟಾಯ್ತು. ಒಂದು ಹೇಳದಿದ್ರೂ ಎಲ್ಲರೆದುರು ಬೈಗುಳ. ನೋವು ಎಷ್ಟು ಅಂತ ಕೇಳಲ್ಲ. ಕೇಸ್‌ಶೀಟಿನಲ್ಲಿ ಅದಕ್ಕೆ ಜಾಗವೇ ಇಲ್ಲ ಮಿಸ್.”

ಆಮೇಲೆ ತಾನಾಗಿಯೇ ಇನ್ನೊಂದು ಹೇಳಿದಳು. ಮಕ್ಕಳ ವಾರ್ಡಿಗೆ ಹೋದ ಮೊದಲ ವಾರ ಒಂದು ಕೂಸಿಗೆ ಡ್ರಿಪ್ ಹಾಕಲು ನರ ಸಿಗದೆ ಐದು ಸಲ ಚುಚ್ಚಿದ್ದಳಂತೆ. ಬಾತ್‌ರೂಮಿಗೆ ಹೋಗಿ ಅತ್ತಿದ್ದಳಂತೆ. “ಈಗ ಅಳು ಬರಲ್ಲ ಮಿಸ್. ಮಕ್ಕಳು ಅಳೋದು ಕೂಡ ಕಿವಿಗೇ ಬೀಳಲ್ಲ” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮೂರನೆಯ ತರಗತಿಯಲ್ಲಿ ಬಾವಿಗೆ ಬಿದ್ದ ಬೆಕ್ಕಿನ ಮರಿಗಾಗಿ ಎರಡು ದಿನ ಊಟ ಬಿಟ್ಟ ಹುಡುಗಿ ಅವಳು. ಐದೂವರೆ ವರ್ಷದ ಓದು ಅವಳಿಗೆ ಎಷ್ಟೋ ವಿಷಯ ಕಲಿಸಿತು, ಜೊತೆಗೆ ಕೇಳಿಸದಿರುವುದನ್ನೂ ಕಲಿಸಿತು. ಅದು ಯಾವ ಸಿಲಬಸ್ಸಿನಲ್ಲೂ ಇಲ್ಲದ ಪಾಠ, ಆದರೆ ಎಲ್ಲರೂ ಪಾಸಾಗುವ ಪಾಠ.

ನೋವನ್ನು ಅಳೆಯುವುದು ಅಸಾಧ್ಯವಾಗಿದ್ದರೆ ಸುಮ್ಮನಿರಬಹುದಿತ್ತು. ಹಾಗೇನಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಟಲ್ಸಾ ಊರಿನ ಸುಟ್ಟಗಾಯದ ವಾರ್ಡಿನಲ್ಲಿ ಡೊನಾ ವಾಂಗ್ ಎಂಬ ನರ್ಸ್ ಮತ್ತು ಕೋನಿ ಬೇಕರ್ ಎಂಬಾಕೆ ಸೇರಿ, ನಗುವ ಮುಖದಿಂದ ಅಳುವ ಮುಖದವರೆಗೆ ಆರು ಮುಖಗಳನ್ನು ಸಾಲಾಗಿ ಇಟ್ಟರು. ಮಗು ತನ್ನ ನೋವಿಗೆ ಹೊಂದುವ ಮುಖವನ್ನು ಬೆರಳಿಟ್ಟು ತೋರಿಸಬೇಕು. ಮಾತು ಬಾರದ ಮಕ್ಕಳಿಗೆ ಇನ್ನೊಂದು ಕ್ರಮವಿದೆ, 1997ರಲ್ಲಿ ಬಂದದ್ದು. ಮುಖ ಹೇಗಿದೆ, ಕಾಲು ಹೇಗಿದೆ, ಮೈ ಹೊರಳಾಟ ಹೇಗಿದೆ, ಅಳು ಹೇಗಿದೆ, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೆ ಎಂದು ಐದು ವಿಷಯ ನೋಡಿ, ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ ಹಾಕುವುದು. ಒಟ್ಟು ಹತ್ತಕ್ಕೆ. ಖರ್ಚು ಒಂದು ಪೆನ್ಸಿಲ್ಲು. ಹತ್ತಕ್ಕೆ ಅಂಕ ಹಾಕುವುದು ಇಷ್ಟು ಸುಲಭವೆಂದು ಗೊತ್ತಿದ್ದೂ ಹಾಕದವರನ್ನು ನಮ್ಮ ಇಲಾಖೆಯಲ್ಲಾದರೆ ನೋಟೀಸು ಕೊಟ್ಟು ಕೇಳುತ್ತಿದ್ದರು.

ಅವಳು ಹೋದ ಮೇಲೆ ನಾನೂ ಒಂದು ರಟ್ಟಿನ ಮೇಲೆ ಆರು ಮುಖ ಬರೆದು ಸ್ಟಾಫ್ ರೂಮಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಪಕ್ಕದಲ್ಲಿ ತೂಗುಹಾಕಿದೆ. ಮೊದಲು ಬಂದವಳು ಎರಡನೆಯ ತರಗತಿಯ ಹುಡುಗಿ, ಕಿವಿನೋವು. “ಯಾವ ಮುಖ ಪುಟ್ಟಿ?” ಎಂದೆ. ನಗುವ ಮುಖ ತೋರಿಸಿದಳು. ಹಾಗಾದರೆ ನೋವಿಲ್ಲ ಎಂದು ತರಗತಿಗೆ ಕಳಿಸಿದೆ. ಸಂಜೆಗೆ ಕಿವಿಯಿಂದ ಕೀವು ಸೋರಿತು. ಯಾವ ಮುಖ ಚೆಂದ ಎಂದು ನಾನು ಕೇಳುತ್ತಿದ್ದೇನೆಂದು ಅವಳು ತಿಳಿದಿದ್ದಳು! ಮಗು ದೊಡ್ಡವರನ್ನು ಮೆಚ್ಚಿಸಲು ನೋಡುತ್ತದೆ. ನೋವಿದೆ ಎಂದರೆ ಇನ್ನೊಂದು ಇಂಜೆಕ್ಷನ್ ಬೀಳುತ್ತದೆಂದು ಹೆದರಿ ಇಲ್ಲವೆನ್ನುತ್ತದೆ. ಅದಕ್ಕೇ ಆಮೇಲೆ, 2001ರಲ್ಲಿ, ನಗುವೂ ಕಣ್ಣೀರೂ ಇಲ್ಲದ ಮುಖಗಳ ಪಟ್ಟಿಯೊಂದನ್ನು ತಿದ್ದಿ ಹೊರತಂದಿದ್ದಾರೆ. ಸಂತೋಷವನ್ನೂ ನೋವನ್ನೂ ಮಗು ಕಲಸಿಕೊಳ್ಳಬಾರದೆಂದು. ಅಂದರೆ ಚಿತ್ರ ತೂಗುಹಾಕಿದರೆ ಸಾಲದು. ಕೇಳುವ ರೀತಿಯನ್ನು ಕಲಿಯಬೇಕು, ತಪ್ಪಿದಾಗ ತಿದ್ದುವವರು ಪಕ್ಕದಲ್ಲಿರಬೇಕು. ಶಾರ್ಟ್ ನೋಟ್ ಬರೆದವರಿಗೆ ಅದು ಬರುವುದಿಲ್ಲ. ಈಜು ಕುರಿತು ಪ್ರಬಂಧ ಬರೆದವನು ಕೆರೆಗಿಳಿದ ಹಾಗೆ.

ಡಾಕ್ಟರುಗಳ ಎದುರು ಈ ಮಾತೆತ್ತಿದಾಗ ಬಂದ ಉತ್ತರಗಳೂ ನನಗೆ ಗೊತ್ತು. ಒಂದೊಂದಾಗಿ ನೋಡೋಣ.

ಪುರುಸೊತ್ತಿಲ್ಲ ಎನ್ನುತ್ತಾರೆ. ನಿಜ, ನಮ್ಮ ಆಸ್ಪತ್ರೆಗಳ ನೂಕುನುಗ್ಗಲನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಹೆದರಿ ಒದ್ದಾಡುವ ಮಗುವನ್ನು ಮೂವರು ಅದುಮಿ ಹಿಡಿದು ಚುಚ್ಚಿ, ಸೂಜಿ ಜಾರಿ, ಮತ್ತೆ ಚುಚ್ಚುವುದಕ್ಕೆ ಹೊತ್ತು ಹಿಡಿಯುವುದಿಲ್ಲವೆ? ಚರ್ಮ ಮರಗಟ್ಟಿಸುವ ಮುಲಾಮಿದೆ. ಹಚ್ಚಿ ಒಂದು ಗಂಟೆ ಕಾಯಬೇಕು. ನಮ್ಮ ಆಸ್ಪತ್ರೆಗಳಲ್ಲಿ ಮಗು ಸರದಿಯಲ್ಲಿ ಹೇಗೂ ಎರಡು ಗಂಟೆ ಕೂತಿರುತ್ತದೆ. ಬಂದ ಕೂಡಲೇ ಹಚ್ಚಿದರೆ ಸರದಿ ಬರುವಷ್ಟರಲ್ಲಿ ಕೆಲಸವಾಗಿರುತ್ತದೆ.

ಮರಗಟ್ಟಿಸುವ ಇಂಜೆಕ್ಷನ್ನೇ ನೋವು ಎನ್ನುತ್ತಾರೆ. ಸಣ್ಣ ಸೂಜಿಯಲ್ಲಿ, ಗಾಯದ ಒಳ ಅಂಚಿನಿಂದ, ನಿಧಾನವಾಗಿ ಬಿಟ್ಟರೆ ಆ ಉರಿ ಬಹಳ ಕಡಿಮೆ. ಆಮೇಲೆ ಐದಲ್ಲ, ಐವತ್ತು ಹೊಲಿಗೆ ಹಾಕಿದರೂ ಮಗುವಿಗೆ ಎಳೆದ ಹಾಗನ್ನಿಸುತ್ತದೆ ಅಷ್ಟೆ. ಇದನ್ನು ಹೊಲಿಗೆ ಕಲಿಸುವ ದಿನವೇ ಕಲಿಸಬೇಕು.

ಹೊಟ್ಟೆನೋವಿಗೆ ಮದ್ದು ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ, ಸರ್ಜನ್ ನೋಡುವವರೆಗೆ ಕೊಡಬಾರದು ಎನ್ನುತ್ತಾರೆ. ಇದು ಅಜ್ಜನ ಕಾಲದ ಮಾತು. 2000ದ ನಂತರ ಮಕ್ಕಳಲ್ಲೇ ನಡೆದ ಪ್ರಯೋಗಗಳು, ನೋವು ತಗ್ಗಿಸಿದರೂ ಅಪೆಂಡಿಸೈಟಿಸ್‌ನಂಥ ರೋಗ ಪತ್ತೆಗೆ ಅಡ್ಡಿಯಾಗುವುದಿಲ್ಲವೆಂದು ತೋರಿಸಿವೆ. ನೋವಿಲ್ಲದ ಮಗು ಹೊಟ್ಟೆ ಮುಟ್ಟಲು ಬಿಡುತ್ತದೆ. ನೋವಿನಲ್ಲಿ ಬಿಗಿಹಿಡಿದ ಹೊಟ್ಟೆಯನ್ನು ಎಂಥ ಪಂಡಿತರು ತಾನೇ ಒತ್ತಿ ನೋಡಿಯಾರು?

ಮಾರ್ಫಿನ್ನಿನಂಥ ಮದ್ದುಗಳನ್ನು ಬಿಟ್ಟರೆ ಅಮೆರಿಕದ ಗತಿ ನಮಗೂ ಬರುತ್ತದೆ ಎನ್ನುತ್ತಾರೆ. ಅಲ್ಲಿ ಔಷಧ ಕಂಪೆನಿಗಳ ಮಾತು ನಂಬಿ ಕಂಡಕಂಡವರಿಗೆ ಮಾತ್ರೆ ಸುರಿದು ಕೆಟ್ಟರು, ಹೌದು. ನಮ್ಮಲ್ಲಿ ಆದದ್ದು ಅದರ ತಿರುವುಮುರುವು. 1985ರ ಮಾದಕ ವಸ್ತು ಕಾಯ್ದೆಯ ಕಟ್ಟುಪಾಡುಗಳಿಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕ್ಯಾನ್ಸರಿನ ಮಕ್ಕಳೂ ಹಲ್ಲುಕಚ್ಚಿ ಮಲಗಿದರು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ದಾರಿ ಸುಲಭ ಮಾಡಿದರು. ಆದರೂ ಕಲಿಯುವಾಗ ಆ ಮದ್ದನ್ನು ತೂಕಕ್ಕೆ ತಕ್ಕಂತೆ ಕೊಟ್ಟು, ಉಸಿರನ್ನು ಗಮನಿಸಿ ಅಭ್ಯಾಸವಿಲ್ಲದವರು ಮುಂದೆ ಎಲ್ಲಿಂದ ಕೊಟ್ಟಾರು? ಅಲ್ಲದೆ ನಾನು ಕೇಳುತ್ತಿರುವ ಬಹುಪಾಲು ಸಂಗತಿಗೆ ಮಾರ್ಫಿನ್ ಬೇಡವೇ ಬೇಡ. ಒಂದೂವರೆ ತಿಂಗಳ ಕೂಸಿಗೆ ಈಗ ಒಂದೇ ದಿನ ಮೂರು ಲಸಿಕೆ ಚುಚ್ಚುತ್ತಾರೆ. ಚುಚ್ಚುವ ಹೊತ್ತಿನಲ್ಲಿ ತಾಯಿ ಎದೆಹಾಲು ಕುಡಿಸುತ್ತಿರಲಿ, ಕೂಸು ಅವಳ ತೋಳಿನಲ್ಲೇ ಇರಲಿ, ಹೆಚ್ಚು ಉರಿಯುವ ಲಸಿಕೆ ಕೊನೆಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಇದಕ್ಕೆ ಯಾವ ಲೈಸೆನ್ಸು ಬೇಕು?

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಮೂವತ್ತು ವರ್ಷ ಪಾಠ ಹೇಳಿ ನಾನು ಕಲಿತ ದೊಡ್ಡ ಸತ್ಯ ಒಂದೇ: ಪರೀಕ್ಷೆಗೆ ಬಾರದ್ದನ್ನು ಮಕ್ಕಳು ಓದುವುದಿಲ್ಲ, ಮೇಷ್ಟ್ರು ಕಲಿಸುವುದಿಲ್ಲ. ನೀತಿಪಾಠವನ್ನು ವಾರಕ್ಕೊಂದು ಪೀರಿಯಡ್ಡು ಎಂದು ಟೈಮ್‌ಟೇಬಲ್ಲಿನಲ್ಲಿ ಹಾಕಿದರೆ ಆ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕೇಳಿ ಪಡೆಯುತ್ತಾರೆ. 2019ರಿಂದ ವೈದ್ಯ ವಿದ್ಯಾರ್ಥಿಗಳಿಗೆ ನಡವಳಿಕೆ, ನೀತಿ, ರೋಗಿಯೊಡನೆ ಮಾತು ಎಂಬ ಪಾಠಗಳನ್ನು ಸೇರಿಸಿದ್ದಾರೆ. ಸಂತೋಷ. ಆದರೆ ಮಗುವಿನ ನೋವು ನೀತಿಪಾಠವಾಗಬಾರದು. ಅದು ಜ್ವರ, ನಾಡಿ, ಉಸಿರಿನ ಸಾಲಿನಲ್ಲಿ ನಿಲ್ಲಬೇಕು.

ಕೇಳುವುದು ಬಹಳವಲ್ಲ. ಮಕ್ಕಳ ವಾರ್ಡಿನ ಕೇಸ್‌ಶೀಟಿನಲ್ಲಿ ನೋವಿಗೊಂದು ಕಾಲಮ್ ಇರಲಿ. ಮದ್ದು ಕೊಡುವ ಮುಂಚೆ ಒಂದು ಅಂಕ, ಕೊಟ್ಟ ಮೇಲೆ ಇನ್ನೊಂದು ಅಂಕ ಬರೆಯಲಿ. ರೌಂಡ್ಸಿನಲ್ಲಿ ಪ್ರೊಫೆಸರು ಅದನ್ನು ಕೇಳಲಿ, ಬರೆಯದವರಿಗೆ ಮೂತ್ರದ ಲೆಕ್ಕಕ್ಕೆ ಬೈದಷ್ಟೇ ಬೈಯಲಿ. ಎರಡು ಸಲ ನರ ಸಿಗದಿದ್ದರೆ ಮೂರನೆಯ ಸಲ ಚುಚ್ಚುವುದು ದೊಡ್ಡವರ ಕೈಯಾಗಲಿ. ಮಗುವಿನ ತೋಳು ಕಸೂತಿ ಕಲಿಯುವ ಬಟ್ಟೆಯಲ್ಲ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನೋವಿರುವ ಮಗುವಿನ ಮುಂದೆ ವಿದ್ಯಾರ್ಥಿಯನ್ನು ನಿಲ್ಲಿಸಿ, “ಎಷ್ಟು ನೋವಿದೆ, ಹೇಗೆ ತಿಳಿದೆ, ಏನು ಮಾಡುತ್ತೀ?” ಎಂದು ಕೇಳಲಿ. ಬಾರದವರು ಸೆಪ್ಟೆಂಬರಿನಲ್ಲಿ ಮತ್ತೆ ಕೂರಲಿ. ಒಂದು ವರ್ಷ ನಾಲ್ಕು ಜನ ಫೇಲಾದರೆ ಸಾಕು, ಮರುವರ್ಷ ಎಲ್ಲರಿಗೂ ಮಕ್ಕಳ ಅಳು ಕೇಳಿಸಲು ಶುರುವಾಗುತ್ತದೆ.

ಇನ್ನು ನಾವು. ಡಾಕ್ಟರ ಕಡೆ ಬೆರಳು ತೋರಿಸುವ ನಮ್ಮ ಕೈ ಶುದ್ಧವೇನಲ್ಲ. “ಊಟ ಮಾಡ್ತೀಯೋ ಇಂಜೆಕ್ಷನ್ ಹಾಕಿಸ್ಲೋ?” ಎನ್ನುವವರು ಮನೆಯವರು. “ಗಂಡು ಹುಡುಗ ಅಳ್ತಾನೇನೋ?” ಎನ್ನುವವರು ನಾವು ಮೇಷ್ಟ್ರುಗಳು. ಹೊಟ್ಟೆನೋವಿನಿಂದ ಮುದುಡಿ ಕೂತ ಎಂಟನೆಯ ತರಗತಿಯ ಹುಡುಗಿಗೆ “ಇದೆಲ್ಲ ಹೆಣ್ಣುಮಕ್ಕಳಿಗೆ ಇದ್ದದ್ದೇ” ಎಂದು ನಾನೇ ಎಷ್ಟು ಸಲ ಹೇಳಿಲ್ಲ! ಅಳದ ಮಗುವಿಗೆ ಒಳ್ಳೆಯ ಮಗು ಎಂಬ ಹೆಸರು ಕೊಟ್ಟು, ಅಳುವ ಮಗುವಿಗೆ ಹಠಮಾರಿ ಎಂಬ ಹೆಸರು ಕೊಟ್ಟು ನಾವು ಬೆಳೆಸಿದ ಮಕ್ಕಳೇ ಮುಂದೆ ಡಾಕ್ಟರಾಗುವುದು. ಆ ಹೌಸ್‌ಸರ್ಜನ್ ಹುಡುಗನಿಗೆ ‘ಗುಡ್ ಬಾಯ್’ ಎಂಬ ಮಾತು ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕಿದ್ದಲ್ಲ, ನನ್ನಂಥ ಯಾರೋ ಟೀಚರ ತರಗತಿಯಲ್ಲಿ ಸಿಕ್ಕಿದ್ದು.

ನೇರಳೆ ಮರದ ಹುಡುಗ ಈಗ ಅಡಿಕೆ ಲೋಡು ಹೊಡೆಯುವ ಗಾಡಿ ಓಡಿಸುತ್ತಾನೆ. ನಾಯಿ ಕಚ್ಚಿದ್ದಕ್ಕೆ ಅಂದು ಎಲ್ಲ ಚುಚ್ಚುಮದ್ದನ್ನೂ ಕೊಡಿಸಿದೆವು, ಬದುಕಿಕೊಂಡ. ಹೋದ ವರ್ಷ ತನ್ನ ಮಗಳಿಗೆ ಲಸಿಕೆ ಹಾಕಿಸಲು ಆರೋಗ್ಯ ಕೇಂದ್ರಕ್ಕೆ ಬಂದವನು ಬಾಗಿಲ ಹೊರಗೇ ನಿಂತಿದ್ದ. ಒಳಗೆ ಹೆಂಡತಿ, ಕೂಸು. “ಒಳಗೆ ಹೋಗೋ” ಎಂದೆ. “ನಂಗಾಗಲ್ಲ ಮಿಸ್” ಎಂದ. ನಾನು ಒಳಗೆ ಹೋಗಿ ಆ ತಾಯಿಗೆ ಹಾಲು ಕುಡಿಸುತ್ತಲೇ ಕೂಸನ್ನು ಎತ್ತಿಕೊಂಡಿರಲು ಹೇಳಿದೆ, ನರ್ಸಮ್ಮ ಬೇಡವೆನ್ನಲಿಲ್ಲ. ಕೂಸು ಒಮ್ಮೆ ಚೀರಿ ಮತ್ತೆ ಹಾಲಿಗೆ ಬಾಯಿ ಹಾಕಿತು. ನಾನು ಯಾರ ಕೈಯನ್ನೂ ಹಿಡಿಯಲಿಲ್ಲ. ಹಿಡಿಯುವ ಅಗತ್ಯವೇ ಬೀಳಲಿಲ್ಲ.